ಅಪ್‌ಡೇಟ್: ಕೋಲಾರದಲ್ಲಿ ಬಿಸಿಯಾಗುತ್ತಿದ್ದ ಕಾರು ಸರಿಹೋಯ್ತು

ಹೈವೇಲಿ ಸುಮ್ಮನಿರೋ ಟೆಂಪರೇಚರ್ ಮುಳ್ಳು ಕೋಲಾರ ಊರೊಳಗೆ ನಿಧಾನವಾದ ಕೂಡಲೇ ಕೆಂಪಿಗೆ ಏರುತ್ತೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಕಥೆ ಮುಗೀತು.

ಬಹಳ ಜನ ಥರ್ಮೋಸ್ಟಾಟ್ (ಇಂಜಿನ್ ತಣಿಸೋ ದ್ರವದ ಹರಿವನ್ನ ಹಿಡಿತದಲ್ಲಿಡೋ ವಾಲ್ವ್) ಅಂದಿರಿ. ಬದಲಾಯಿಸಿದ್ರೂ ಏನೂ ಆಗಲಿಲ್ಲ, ದುಡ್ಡು ಹೋಯ್ತು ಅಷ್ಟೇ. ಆ ದ್ರವ, ಅಂದ್ರೆ ಕೂಲಂಟ್ ಕೂಡ ಸರಿಯಾಗೇ ಇತ್ತು. ಕೆಲಸಕ್ಕೆ ಬಂದಿದ್ದು "ಏಸಿ ಹಾಕಿ, ರೇಡಿಯೇಟರ್ ಫ್ಯಾನ್ ತಿರುಗುತ್ತಾ ನೋಡಿ" ಅಂದವರ ಮಾತು. ತಿರುಗಲೇ ಇಲ್ಲ! ಫ್ಯೂಸ್ ಚೆನ್ನಾಗಿತ್ತು. ಮೆಕ್ಯಾನಿಕ್ ಹಾರ್ನ್ ರಿಲೇ (ಕರೆಂಟ್ ಆನ್-ಆಫ್ ಮಾಡೋ ಪುಟ್ಟ ಸ್ವಿಚ್) ಕಿತ್ತು ಫ್ಯಾನ್ ರಿಲೇ ಜಾಗಕ್ಕೆ ಹಾಕಿದ್ರು, ಫ್ಯಾನ್ ಗುಯ್ ಅಂತ ಶುರು. ನನ್ನ ಕಾರಲ್ಲಿ ಎರಡೂ ಒಂದೇ ಥರದ್ದು. ನೀವು ರಿಲೇ ಮೇಲಿನ ನಂಬರ್ ಹೋಲಿಸಿಯೇ ಹಾಕಿ. ಹೊಸ ರಿಲೇ ಬಂದ ಮೇಲೆ ಟ್ರಾಫಿಕ್‌ನಲ್ಲೂ ಮುಳ್ಳು ಅಲುಗಿಲ್ಲ. ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತೆ, ಅದಕ್ಕೇ ಹೈವೇಲಿ ಗೊತ್ತಾಗಿರಲಿಲ್ಲ.

ಇಂಜಿನ್ ಆರೋವರೆಗೆ (ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ) ಕೋಲಾರಮ್ಮನ ಗುಡಿಗೆ ಹೋಗಿ ಅಂದವರಿಗೂ ಥ್ಯಾಂಕ್ಸ್. ನಾನು ಚೋಳರ ಕಾಲದ ಶಾಸನ ನೋಡ್ತಾ ನಿಂತರೆ, ನಮ್ಮಮ್ಮ ಅಲ್ಲೇ ಇರೋ ಚೇಳಮ್ಮ ದೇವಿಯ ಮುಂದಿಂದ ಕದಲಲಿಲ್ಲ. ಚೇಳು ಕಚ್ಚದಿರಲಿ ಅಂತ ಹರಕೆ, ಕಾಣಿಕೆ ಹಾಕೋದು ನೆಲದಲ್ಲೇ ಕೊರೆದ ಹುಂಡಿಗೆ! ಹತ್ತಿರದ ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬಗಳನ್ನ ಆತುರದಲ್ಲಿ ನೋಡಬೇಡಿ. ಹೈದರಾಲಿಯ ತಂದೆ ಫತೇ ಮಹಮ್ಮದರ ಗೋರಿ ಇರೋ ಮಕ್ಬರಾ ಮಾತ್ರ ನಮಗೆ ಉಳಿದೇ ಹೋಯ್ತು.