ಬೂಷ್ಟು ಮೆಕ್ಕೆಜೋಳದ ಫಾರ್ವರ್ಡ್: ದಾವಣಗೆರೆ ಕೃಷಿ ಗೆಳೆಯರ ಗುಂಪು

ರುದ್ರೇಶ್: (ಫಾರ್ವರ್ಡ್) "ಬೂಷ್ಟು ಬಂದ ಮೆಕ್ಕೆಜೋಳ ಎಸೀಬೇಡಿ. ಪ್ರೋಟೀನ್ ಶೇಕಡಾ 9ರಿಂದ 10ಕ್ಕೆ ಏರಿರುತ್ತೆ. ಬಿಸಿಲಿಗೆ ಹಾಕಿ ಹಸುಗಳಿಗೆ ಕೊಡಿ."

ಶಾಂತಕ್ಕ: ರುದ್ರೇಶ, ಇದನ್ನ ರೈತರ ಗುಂಪಿಗೆ ಹಾಕಬ್ಯಾಡ.

ರುದ್ರೇಶ್: ಯಾಕಕ್ಕ? ಲ್ಯಾಬ್ ರಿಪೋರ್ಟಲ್ಲೂ ಏರಿದ್ದು ಕಾಣುತ್ತಲ್ಲ.

ತಿಪ್ಪೇಸ್ವಾಮಿ: ಕಾಣುತ್ತೆ, ಲೆಕ್ಕ ಹಾಕಿ ನೋಡು. 100 ಕೆಜಿ ಕಾಳಲ್ಲಿ 9 ಕೆಜಿ ಪ್ರೋಟೀನ್ ಐತೆ ಅಂತ ಇಟ್ಕೋ. ಬೂಷ್ಟು 10 ಕೆಜಿ ಪಿಷ್ಟ ತಿಂದು ಗಾಳಿಗೆ ಬಿಡ್ತು. ಉಳಿದಿದ್ದು 90 ಕೆಜಿ, ಪ್ರೋಟೀನ್ ಅದೇ 9. ಶೇಕಡಾ 10 ಆಯ್ತು, ಹಸುವಿಗೆ ಒಂದು ಗ್ರಾಂ ಕೂಡ ಹೆಚ್ಚಿಗೆ ಸಿಗಲಿಲ್ಲ. ಇನ್ನೊಂದು, ಲ್ಯಾಬಲ್ಲಿ ಅಳೆಯೋದು ಸಾರಜನಕ. ಅದನ್ನ 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೀತಾರೆ. ಬೂಷ್ಟಿನ ಕೋಶದ ಗೋಡೆಯಲ್ಲಿರೋ ಕೈಟಿನ್ ಅನ್ನೋ ವಸ್ತುವಿನ ಸಾರಜನಕವೂ ಅದರೊಳಗೆ ಸೇರಿರುತ್ತೆ.

ಶಾಂತಕ್ಕ: ಎಣ್ಣೆನೂ ಕೆಡುತ್ತೆ. ಎಣ್ಣೆ ಇರೋದು ಹೆಚ್ಚಾಗಿ ಮೊಳಕೆ ಭಾಗದಲ್ಲಿ, ಬೂಷ್ಟಿಗೂ ಆ ಜಾಗನೇ ಬೇಕು. ಲೈಪೇಸ್ ಕಿಣ್ವದಿಂದ ಎಣ್ಣೆ ಒಡೆದು ಕೊಬ್ಬಿನಾಮ್ಲ ಬಿಡುತ್ತೆ, ಕಾಳು ಕಮಟು ಹೊಡೆಯುತ್ತೆ.

ರುದ್ರೇಶ್: ಬಿಸಿಲಿಗೆ ಬೂಷ್ಟು ಸಾಯಲ್ವಾ? ಹುರಿದ್ರೆ?

ತಿಪ್ಪೇಸ್ವಾಮಿ: ಬೂಷ್ಟು ಸತ್ತರೂ ವಿಷ ಉಳಿಯುತ್ತಪ್ಪ. ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು ಬಿಟ್ಟ ಅಫ್ಲಾಟಾಕ್ಸಿನ್ ಬಿ1 ಅನ್ನೋ ವಿಷ ಹುರಿದರೆ ಒಂದಿಷ್ಟು ತಗ್ಗುತ್ತೆ, ಪೂರಾ ಹೋಗಲ್ಲ. ಹಸು ತಿಂದರೆ ಅದೇ ವಿಷ ಹಾಲಲ್ಲಿ ಅಫ್ಲಾಟಾಕ್ಸಿನ್ ಎಂ1 ಅನ್ನೋ ರೂಪದಲ್ಲಿ ಬರುತ್ತೆ, ಹಾಲಲ್ಲಿ ಅದಕ್ಕೆ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ ಅಷ್ಟೇ. 1974ರಲ್ಲಿ ರಾಜಸ್ಥಾನ, ಗುಜರಾತಲ್ಲಿ ಬೂಷ್ಟು ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಹಾಳಾಗಿ ಸತ್ತಿದ್ದಾರೆ.

ಮಂಜುನಾಥ: ಒಪ್ಪಿದೆ ಸರ್. ಆದ್ರೆ ನಾಲ್ಕು ಚೀಲ ಬೂಷ್ಟು ಬಂತು ಅಂತ ಇಡೀ ಗೋಡೌನ್ ಸುರಿಯೋಕಾಗುತ್ತಾ?

ಶಾಂತಕ್ಕ: ಬ್ಯಾಡ. ಆ ನಾಲ್ಕನ್ನ ಬೇರೆ ಮಾಡಿ. ಉಳಿದದ್ದನ್ನ ಜರಡಿ ಹಿಡೀರಿ, ನುಚ್ಚು, ಒಡೆದ ಕಾಳಲ್ಲೇ ವಿಷ ಜಾಸ್ತಿ. ಟೆಸ್ಟಿಗೆ ಒಂದೇ ಚೀಲದ ಮುಷ್ಟಿ ಕಾಳು ಕಳಿಸಬ್ಯಾಡ್ರಿ. ವಿಷ ಎಲ್ಲೋ ಕೆಲವೇ ಕಾಳಲ್ಲಿ ಕೂತಿರುತ್ತೆ, ಹಲವು ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಎಲ್ಲಾ ಒಟ್ಟಿಗೆ ಬೀಸಿ ಕಳಿಸಬೇಕು.

ತಿಪ್ಪೇಸ್ವಾಮಿ: ಕಣದಲ್ಲಿ ಹಸಿ ಕಾಳಿನ ರಾಶಿಗೆ ತಾಡಪಾಲು ಮುಚ್ಚಿ ದಿನಗಟ್ಟಲೆ ಬಿಟ್ರೆ ಒಳಗೆ ಬೆವರುತ್ತೆ, ಶುರುವಾಗೋದೇ ಅಲ್ಲಿ. ತೇವ ಶೇಕಡಾ 12ಕ್ಕೆ ಇಳಿಸಿ ಚೀಲ ತುಂಬಿ.

ಮಂಜುನಾಥ: ತೇವ ಅಳೆಯೋ ಮೀಟರ್ ಇಲ್ಲದವರು?

ಶಾಂತಕ್ಕ: ಒಣ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಉಪ್ಪು. ಚೆನ್ನಾಗಿ ಅಲ್ಲಾಡಿಸಿ ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದ್ರೆ ತೇವ 15 ದಾಟೈತೆ.

ರುದ್ರೇಶ್: ಅಂಟದಿದ್ರೆ 12 ಅಂತಾನಾ?

ಶಾಂತಕ್ಕ: ಅಲ್ಲ. 15ರ ಒಳಗೆ ಅಂತ ಅಷ್ಟೇ. ಇನ್ನೆರಡು ಬಿಸಿಲು ಕೊಡಿಸು. ಉಪ್ಪನ್ನ ಮೊದಲೇ ಹುರಿದು ಒಣಗಿಸಿಕೊಂಡಿರು, ಇಲ್ಲಾಂದ್ರೆ ಅದರ ತೇವನೇ ಗಾಜಿಗೆ ಹಿಡಿಯುತ್ತೆ.