ಗಿಡ ಹಸಿರಾಗಿದ್ದರೆ ಮಣ್ಣಲ್ಲಿ ಭಾರಲೋಹ ಇಲ್ಲ ಅಂತಲೇ?

ಎಲೆಹಸಿರು: ಕಾರ್ಖಾನೆಯ ಕೊಳಚೆ ನೀರು ಹರಿಯುವ ಕಡೆಯೂ ಸೊಪ್ಪು ಸೊಂಪಾಗಿ ಬೆಳೆಯುತ್ತದೆ. ಕ್ಯಾಡ್ಮಿಯಂ, ಸೀಸ ಅಷ್ಟು ವಿಷವಾಗಿದ್ದರೆ ಮೊದಲು ಗಿಡವೇ ಸಾಯಬೇಕಿತ್ತು. ಗಿಡ ಚೆನ್ನಾಗಿದ್ದರೆ ಮಣ್ಣೂ ಚೆನ್ನಾಗಿದೆ ಅಂತ ತಾನೇ?

ಬೇರುಬಿಳಲು: ಕ್ಯಾಡ್ಮಿಯಂ ವಿಷಯದಲ್ಲಿ ಈ ಲೆಕ್ಕ ಪೂರ್ತಿ ತಪ್ಪು. ಗಿಡಕ್ಕೆ ಅದು ಬೇಕಾಗಿಲ್ಲ, ಅದಕ್ಕೆಂದೇ ಬೇರಿನಲ್ಲಿ ದಾರಿಯೂ ಇಲ್ಲ. ಕಬ್ಬಿಣ, ಸತು, ಮ್ಯಾಂಗನೀಸ್ ಹೋಗುವ ದಾರಿಯಲ್ಲೇ ನುಸುಳುತ್ತದೆ, ಸೊಪ್ಪುಗಳಲ್ಲಿ ಎಲೆಯವರೆಗೂ ಏರುತ್ತದೆ. ಎಲೆ ಬಾಡುವ ಮುಂಚೆಯೇ ತಿನ್ನುವವರಿಗೆ ಅಪಾಯವಾಗುವಷ್ಟು ಸೇರಿರಬಹುದು. ಜಪಾನಿನ ಜಿಂಜು ನದಿ ಬಯಲಲ್ಲಿ ಗಣಿಯ ಕ್ಯಾಡ್ಮಿಯಂ ನೀರಿನ ಜೊತೆ ಗದ್ದೆಗೆ ಬಂತು. ಅಲ್ಲಿನ ಜನರ ಮೂಳೆ ಮುರಿದ ಇತಾಯ್-ಇತಾಯ್ ಕಾಯಿಲೆಗೆ ಇದೇ ಕಾರಣ ಎಂದು ಸರ್ಕಾರ 1968ರಲ್ಲಿ ಒಪ್ಪಿತು. ಜನ ಉಂಡಿದ್ದು ತೆನೆ ಕಟ್ಟಿದ ಭತ್ತವನ್ನೇ.

ಹೊಲದಬದು: ಒಪ್ಪುತ್ತೇನೆ, ಆದರೆ ಗಿಡಕ್ಕೆ ಏನೂ ಆಗುವುದಿಲ್ಲ ಅನ್ನುವ ಹಾಗೆ ಬರೆಯಬೇಡಿ. ಎಲೆ ಬಿಡಿ, ಒಂದು ಗಿಡ ಕಿತ್ತು ಬೇರು ನೋಡಿ. ಬೇರು ಮೊಟಕಾಗಿರುತ್ತದೆ, ತುದಿ ಕಂದು ತಿರುಗಿರುತ್ತದೆ, ಬೇರುಗೂದಲು ವಿರಳ. ಮೊದಲ ಪೆಟ್ಟು ಬೀಳುವುದು ಅಲ್ಲೇ. ಆಮೇಲೆ ಹೊಸ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರು ಉಳಿಯುತ್ತವೆ.

ಎಲೆಹಸಿರು: ಅದು ಕಬ್ಬಿಣದ ಕೊರತೆ ಅಲ್ವಾ? ಸುಮ್ನೆ ಎಲ್ಲವನ್ನೂ ಭಾರಲೋಹದ ತಲೆಗೆ ಕಟ್ಟುವುದು ಸರಿಯಲ್ಲ.

ಹೊಲದಬದು: ಕಬ್ಬಿಣದ ಕೊರತೆಯೇ. ಅದನ್ನು ತಂದಿದ್ದು ಯಾರು ಅನ್ನುವುದು ಪ್ರಶ್ನೆ. ಕ್ಯಾಡ್ಮಿಯಂ, ನಿಕ್ಕಲ್ ಜಾಸ್ತಿಯಾದರೆ ಕಬ್ಬಿಣ ಎಲೆಗೆ ಸರಿಯಾಗಿ ತಲುಪುವುದಿಲ್ಲ. ಕಬ್ಬಿಣ ಸಾಲದ ಗಿಡ ಅದನ್ನು ಹೀರುವ ದಾರಿಗಳನ್ನು ಇನ್ನಷ್ಟು ತೆರೆಯುತ್ತದೆ. ಅದೇ ದಾರಿಯಲ್ಲಿ ಮತ್ತಷ್ಟು ಕ್ಯಾಡ್ಮಿಯಂ ಒಳಗೆ ಬರುತ್ತದೆ. ನನಗೆ ಅತಿ ಸಂಕಟ ಅನ್ನಿಸುವುದು ಇದೇ.

ಹಸಿಮಣ್ಣು: ಗಿಡ ಸುಮ್ಮನೆ ಕೂರುವುದಿಲ್ಲ ಅನ್ನುವುದನ್ನೂ ಸೇರಿಸಿ. ತನ್ನ ಕೋಶದಲ್ಲೇ ಇರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವಿನಿಂದ ಫೈಟೊಕೆಲೆಟಿನ್ ಎಂಬ ಪುಟ್ಟ ಸರಪಳಿ ತಯಾರಿಸಿ ಲೋಹವನ್ನು ಕಟ್ಟಿಹಾಕುತ್ತದೆ. ಹಾಗೆ ಕಟ್ಟಿದ್ದನ್ನು ಜೀವಕೋಶದೊಳಗಿನ ಚೀಲದಂಥ ರಸದಾನಿಗೆ ತಳ್ಳುತ್ತದೆ. ಹಸಿರಾಗಿ ಕಾಣುವ ಗಿಡದ ಗುಟ್ಟು ಎಷ್ಟೋ ಸಲ ಇದೇ. ಆದರೆ ಇದು ಪುಕ್ಕಟೆ ಅಲ್ಲ. ಲೋಹದ ಕಾಟದಿಂದ ಕೋಶದಲ್ಲಿ ಹೆಚ್ಚಾಗಿ ಹಾನಿ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ತಣಿಸಲೂ ಅದೇ ಗ್ಲುಟಾಥಯೋನ್ ಬೇಕು. ಒಂದು ಕಡೆ ಸುರಿದರೆ ಇನ್ನೊಂದು ಕಡೆ ಸಾಲದು. ಬೆಳವಣಿಗೆ ಕುಗ್ಗುತ್ತದೆ.

ಬೇರುಬಿಳಲು: ಸೀಸದ ಕಥೆ ಬೇರೆ. ಅದು ಬಹುಪಾಲು ಬೇರಿನ ಕೋಶಭಿತ್ತಿಗೇ ಅಂಟಿಕೊಳ್ಳುತ್ತದೆ, ಮೇಲೆ ಏರುವುದು ಕಡಿಮೆ.

ಮೋಡಬಿಸಿಲು: ಪರಿಹಾರ ಇಷ್ಟೇ: ಸುಣ್ಣ ಹಾಕಿ, ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಿ. ಕ್ಯಾಡ್ಮಿಯಂ ಕಡಿಮೆಯಾಗುತ್ತದೆ.

ಹಸಿಮಣ್ಣು: ಹುಳಿ ಮಣ್ಣಿಗೆ ಸುಣ್ಣ ಸರಿ. ಅದು ಲೋಹವನ್ನು ತೆಗೆಯುವುದಿಲ್ಲ, ಬೇರಿಗೆ ಸುಲಭವಾಗಿ ಸಿಗದ ಹಾಗೆ ಮಾಡುತ್ತದೆ ಅಷ್ಟೇ. ನೀರು ನಿಲ್ಲಿಸುವ ಮಾತು ಮಾತ್ರ ಎಲ್ಲರಿಗೂ ಹೇಳಬೇಡಿ, ದಯವಿಟ್ಟು. ಮಣ್ಣಲ್ಲಿ ಆರ್ಸೆನಿಕ್ ಇದ್ದರೆ ನಿಂತ ನೀರಲ್ಲಿ ಅದು ಬಿಡುಗಡೆಯಾಗುತ್ತದೆ. ಭತ್ತ ಸಿಲಿಕಾನ್ ಹೀರುವ ದಾರಿಯಲ್ಲೇ ಅದನ್ನೂ ಹೀರುತ್ತದೆ. ನೀರು ಬಸಿದರೆ ಆರ್ಸೆನಿಕ್ ಇಳಿದು ಕ್ಯಾಡ್ಮಿಯಂ ಏರುತ್ತದೆ. ಯಾವ ಲೋಹ ಇದೆ ಅಂತ ತಿಳಿಯದೆ ನೀರಿನ ಸಲಹೆ ಕೊಡುವುದು ಅಪಾಯ.

ಎಲೆಹಸಿರು: ಹಾಗಾದರೆ ಕಣ್ಣಳತೆ ಬಿಡಬೇಕು ಅಂತಾಯಿತು. ಮಣ್ಣಿನ ಪರೀಕ್ಷೆ ಒಂದೇ ಸಾಕಾ?

ಬೇರುಬಿಳಲು: ಸಾಲದು. ಮಣ್ಣಿನ ಒಟ್ಟು ಲೋಹದ ಜೊತೆ ರಸಸಾರವನ್ನೂ (pH, ಮಣ್ಣು ಎಷ್ಟು ಹುಳಿ ಅನ್ನುವ ಅಳತೆ) ಅಳೆಸಿ. ಒಟ್ಟು ಪ್ರಮಾಣ ಒಂದೇ ಇದ್ದರೂ ಹುಳಿ ಮಣ್ಣಲ್ಲಿ ಕ್ಯಾಡ್ಮಿಯಂ ಗಿಡಕ್ಕೆ ಜಾಸ್ತಿ ಸಿಗುತ್ತದೆ. ತಿನ್ನುವ ಭಾಗ ಯಾವುದೋ, ಎಲೆಯೋ ಕಾಳೋ, ಅದರ ಪರೀಕ್ಷೆಯನ್ನಂತೂ ಬಿಡಬೇಡಿ.