ಮಗಳ ಮನೆಗೆ ಬಂದು ನಾಲ್ಕು ತಿಂಗಳಾಯ್ತು, ಹಗಲು ಕಳೆಯೋದೇ ಕಷ್ಟ. ನೀವೆಲ್ಲ ಏನು ಮಾಡುತ್ತೀರಿ?

ಮಂಡಕ್ಕಿ ಮಿರ್ಚಿ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಬ್ಯಾಂಕಿನಲ್ಲಿ 34 ವರ್ಷ ದುಡಿದು ರಿಟೈರ್ ಆದವನು, ವಯಸ್ಸು 66. ಗ್ರೀನ್ ಕಾರ್ಡ್ ಬಂತು ಅಂತ ನಾನೂ ನಮ್ಮ ಮನೆಯವರೂ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಮೊದಲು ಎರಡು ಸಲ ವಿಸಿಟರ್ ವೀಸಾದಲ್ಲಿ ಬಂದಿದ್ದೆವು. ಆಗ ಗೋಲ್ಡನ್ ಗೇಟ್, ಯೊಸೆಮಿಟಿ ಅಂತ ಸುತ್ತಾಡೋದರಲ್ಲೇ ದಿನ ಹೋಗುತ್ತಿತ್ತು, ಆರು ತಿಂಗಳು ತುಂಬುವ ಮೊದಲೇ ವಾಪಸ್ ಊರು. ಈ ಸಲ ಹಾಗಲ್ಲ. ಇನ್ನು ಇದೇ ಮನೆ ಅಂತಲೇ ಬಂದಿರೋದು.

ಬೆಳಿಗ್ಗೆ ಎಂಟೂವರೆಗೆ ಮಗಳು, ಅಳಿಯ, ಮೊಮ್ಮಗ ಮೂವರೂ ಹೊರಟರೆ ಆಮೇಲೆ ಫ್ರಿಜ್ಜಿನ ಸದ್ದು ಬಿಟ್ಟು ಏನೂ ಕೇಳಿಸಲ್ಲ. ಹತ್ತು ಗಂಟೆಗೆ ಗೆಳೆಯನಿಗೆ ಫೋನ್ ಮಾಡೋಣ ಅಂದರೆ ಊರಲ್ಲಿ ರಾತ್ರಿ ಹತ್ತೂವರೆ, ಅವನು ಬಿಪಿ ಮಾತ್ರೆ ನುಂಗಿ ಮಲಗಿರುತ್ತಾನೆ. ಊರಲ್ಲಾದರೆ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು, ಪೇಪರು, ಸಂಜೆ ಹಳೇ ಸಹೋದ್ಯೋಗಿಗಳ ಜೊತೆ ಹರಟೆ, ದಿನ ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯವರಿಗೆ ಪರವಾಗಿಲ್ಲ, ಅಡುಗೆಮನೆ ಇದೆ. ನನಗೆ ಅದೂ ಇಲ್ಲ. ಮೊನ್ನೆ ಸುಮ್ನೆ ಕೂರೋದು ಬೇಡ ಅಂತ ಡಿಶ್‌ವಾಶರಿನಲ್ಲಿ ಪಾತ್ರೆ ಜೋಡಿಸಿಟ್ಟೆ. ಸಂಜೆ ಅಳಿಯ ಬಂದವನು ಒಂದು ಮಾತೂ ಆಡದೆ ಎಲ್ಲ ಹೊರಗೆ ತೆಗೆದು ಮತ್ತೆ ಜೋಡಿಸಿದ.

ಯೂಟ್ಯೂಬ್ ನೋಡಿ ಅಂತ ಮಾತ್ರ ಹೇಳಬೇಡಿ. ಅದು ನನ್ನನ್ನು ನೋಡುವಷ್ಟು ನೋಡಿದ್ದಾಯ್ತು.

ಮಿಲ್ಪಿಟಾಸ್ ಮಾವ:

ಸರ್, ನಾನು ಬಂದು ಒಂಬತ್ತು ವರ್ಷ. ಮೊದಲ ವರ್ಷ ಪೂರ್ತಿ ಶನಿವಾರಕ್ಕೆ ಕಾಯುತ್ತಾ ಕೂತಿದ್ದೆ, ಮಗನ ಕಾರು ಹೊರಟರೆ ನಾನೂ ಹೊರಟೆ, ಇಲ್ಲದಿದ್ದರೆ ಇಲ್ಲ. ನಿಮಗೆ ಈಗ ಬೇಕಾಗಿರೋದು ಹವ್ಯಾಸ ಅಲ್ಲ, ಬಸ್ಸು. ನಾಳೆಯೇ ಸೀನಿಯರ್ ಕ್ಲಿಪರ್ ಕಾರ್ಡಿಗೆ, ಅಂದರೆ ಇಲ್ಲಿನ ಬಸ್ಸು ರೈಲಿಗೆ ಹಿರಿಯರಿಗೆ ಕೊಡುವ ಕಾರ್ಡಿಗೆ, ಅರ್ಜಿ ಹಾಕಿ. 65 ದಾಟಿದವರಿಗೆ ಬಾರ್ಟ್ ರೈಲಿನಲ್ಲಿ 62.5% ರಿಯಾಯಿತಿ, ಬಸ್ಸಿಗೂ ಕಡಿಮೆ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಸಾಕು.

ಒಂದು ಎಚ್ಚರಿಕೆ. ನಾನು ಮೊದಲ ಸಲ ಒಬ್ಬನೇ ಹೊರಟಾಗ ನಮ್ಮೂರಿನ ರೂಢಿಯಲ್ಲಿ ರಸ್ತೆಯ ಎಡಗಡೆ ಸ್ಟಾಪಿನಲ್ಲಿ ನಿಂತೆ. ಇಲ್ಲಿ ಎಲ್ಲ ಉಲ್ಟಾ ಅಲ್ವಾ, ಕೆರೆಗೆ ಹೋಗಬೇಕಾದವನು ಯೂನಿಯನ್ ಸಿಟಿ ನೋಡಿ ಬಂದೆ! ಡ್ರೈವರಮ್ಮ ಒಳ್ಳೆಯವಳು, ಇಳಿಸಿ, ಎದುರುಗಡೆ ಸ್ಟಾಪ್ ತೋರಿಸಿ, ಕೈ ಬೀಸಿ ಹೋದಳು. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮಾರನೇ ದಿನದಿಂದ ಬಸ್ಸೇ ಬಂದ್.

ಕುಂದವಾಡ ಕೆರೆ ಅಂದಿರಲ್ಲ, ನಿಮ್ಮೂರಲ್ಲೇ ಲೇಕ್ ಎಲಿಜಬೆತ್ ಇದೆ, ಸುತ್ತು ಹಾಕಿದರೆ ಹೆಚ್ಚು ಕಡಿಮೆ ಎರಡು ಮೈಲಿ. ಬೆಳಿಗ್ಗೆ ಹೋಗಿ ನೋಡಿ, ಮಂಕಿ ಕ್ಯಾಪು, ಸ್ವೆಟರ್ ಹಾಕಿಕೊಂಡ ನಮ್ಮವರು ಎಷ್ಟು ಜನ ಅಂತ. ಪಂಜಾಬಿ, ತೆಲುಗು, ಗುಜರಾತಿ ಜಾಸ್ತಿ, ಕನ್ನಡ ಅಪರೂಪ. ನನ್ನ ಹಿಂದಿ ಹರಕು ಮುರುಕು, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಬೇಜಾರಾದಾಗ ಬಾರ್ಟ್ ಹತ್ತಿ ಮಿಲ್ಪಿಟಾಸಿಗೆ ಬನ್ನಿ, ಫ್ರೀಮಾಂಟಿನಿಂದ ಎರಡೇ ಸ್ಟಾಪು. ಇಲ್ಲಿನ ಇಂಡಿಯಾ ಕಮ್ಯುನಿಟಿ ಸೆಂಟರಿನಲ್ಲಿ ಹಿರಿಯರಿಗೆ ಅಂತಲೇ ಕಾರ್ಯಕ್ರಮ ನಡೆಸುತ್ತಾರೆ.

ಕೊಪ್ಪದಜ್ಜಿ:

ನಾನು ನ್ಯೂಜೆರ್ಸಿಯ ಎಡಿಸನ್. ವಯಸ್ಸು 74, ಆದ್ದರಿಂದ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ನಮ್ಮ ಮನೆಯವರಿಗೆ ಅಡುಗೆಮನೆ ಇದೆ" ಅಂತ ಬರೆದಿದ್ದೀರಿ. ಅವರನ್ನು ಕೇಳಿದ್ದೀರಾ? ನಾನೂ ಬಂದ ಹೊಸದರಲ್ಲಿ ಎರಡು ವರ್ಷ ಹಾಗೇ ಇದ್ದೆ. ದಿನಾ ಹುಳಿ, ಪಲ್ಯ, ಮಕ್ಕಳಿಗೆ ಪಾಸ್ತಾ ಬೇರೆ. ಎಲ್ಲರೂ ಅಮ್ಮನಿಗೆ ಹೊತ್ತು ಹೋಗುತ್ತದೆ ಅಂದುಕೊಂಡಿದ್ದರು. ಹೊತ್ತು ಹೋಗುತ್ತಿತ್ತು ನಿಜ, ನನ್ನ ಜೊತೆ ಮಾತಾಡುವವರು ಮಾತ್ರ ಕುಕ್ಕರ್ ಒಂದೇ.

ಈಗ ವಾರಕ್ಕೆ ಮೂರು ದಿನ ಹಿರಿಯರ ಡೇ ಕೇರಿಗೆ ಹೋಗುತ್ತೇನೆ. ವ್ಯಾನ್ ಮನೆ ಬಾಗಿಲಿಗೇ ಬರುತ್ತದೆ. ವ್ಯಾಯಾಮ, ಭಜನೆ, ಕೇರಂ, ಮಧ್ಯಾಹ್ನ ಸಸ್ಯಾಹಾರಿ ಊಟ. ತೊಂಬತ್ತು ಪಾಲು ಗುಜರಾತಿಗಳೇ, ದಾಲ್ ಸಿಹಿ ಇರುತ್ತದೆ, ಅಭ್ಯಾಸ ಆಗಿದೆ. ಅಲ್ಲಿ ಮೂರು ಜನಕ್ಕೆ ಅಕ್ಕಿ ರೊಟ್ಟಿ ತಟ್ಟೋದು ಕಲಿಸಿದ್ದೇನೆ. ನಾನು ಸಿಟಿಜನ್, ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಇದೆ, ಹಾಗಾಗಿ ಖರ್ಚಿಲ್ಲ. ನಮ್ಮ ರಾಜ್ಯದಲ್ಲಿ ಹೊಸಬರಿಗೆ ಅದು ಅಷ್ಟು ಬೇಗ ಸಿಗಲ್ಲ, ನಿಮ್ಮಲ್ಲಿ ಹೇಗೋ ವಿಚಾರಿಸಿ. ಆದರೆ ನೀವು ಪುಣ್ಯವಂತರು, ನಿಮ್ಮಲ್ಲಿ ಹಿಮ ಇಲ್ಲ. ನಮಗೆ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ. ಕೆರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಒಂದು ದಿನ ಮಧ್ಯಾಹ್ನಕ್ಕೆ ನಿನ್ನೆಯ ಅನ್ನ ಚಿತ್ರಾನ್ನ ಆದರೆ ಯಾರೂ ಸಾಯಲ್ಲ.

ಒತ್ತಕ್ಷರ:

ಮನೆಯೊಳಗೇ ಮಾಡುವ ಕೆಲಸ ಬೇಕಿದ್ದರೆ ಒಂದು ಹೇಳುತ್ತೇನೆ. ಕನ್ನಡ ವಿಕಿಸೋರ್ಸ್. ಹಕ್ಕುಸ್ವಾಮ್ಯ ಮುಗಿದ ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಕಂಪ್ಯೂಟರ್ ಓದಿದ ಅಕ್ಷರ. ಅದಕ್ಕೆ ಒತ್ತು, ದೀರ್ಘ ಎಲ್ಲ ಸರಿಯಾಗಿ ತಿಳಿಯಲ್ಲ, ನಾವು ಕೂತು ತಿದ್ದಬೇಕು. ತಿದ್ದುವ ಮೊದಲು ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ನಾವು ತಿದ್ದಿದ್ದನ್ನು ನಾವೇ ಹಸಿರು ಮಾಡುವಂತಿಲ್ಲ. ನೀವು ಬ್ಯಾಂಕಿನವರು, ಮೇಕರ್-ಚೆಕರ್ ಅಂದರೆ ತಕ್ಷಣ ಗೊತ್ತಾಗುತ್ತದೆ. ನಾನು ಮೆಲ್ಬರ್ನಿನಲ್ಲಿ ಕೂತು ದಿನಕ್ಕೆ ನಾಲ್ಕೈದು ಪುಟ ಮಾಡುತ್ತೇನೆ, ಜಾಸ್ತಿ ಮಾಡಿದರೆ ಕಣ್ಣು ನೋಯುತ್ತದೆ. ಟೈಪಿಂಗ್ ಬರಲ್ಲ ಅಂದರೆ ಹೆದರಬೇಡಿ, ಒಂದು ವಾರದ ಕಷ್ಟ ಅಷ್ಟೇ.

ಅಳಿಯರ ಪರ ವಕೀಲ:

ಅಂಕಲ್, ಡಿಶ್‌ವಾಶರ್ ವಿಷಯದಲ್ಲಿ ನಿಮ್ಮ ಅಳಿಯನನ್ನು ಕ್ಷಮಿಸಿಬಿಡಿ, ನಾನೂ ಹಾಗೇ ಮಾಡುತ್ತೇನೆ, ಅದೊಂದು ಕಾಯಿಲೆ. ನಮ್ಮ ಮಾವನವರು ಬಂದಾಗ ಇದೇ ಕಥೆ. ಆಮೇಲೆ ಹಿತ್ತಲು ಪೂರ್ತಿ ಅವರಿಗೆ ಬಿಟ್ಟುಕೊಟ್ಟೆವು, ನಾನು ಅಲ್ಲಿ ಬಾಯಿ ಬಿಡುವಂತಿಲ್ಲ. ಬದನೆ, ಮೆಣಸಿನಕಾಯಿ, ಮೆಂತ್ಯ, ಅವರೆ ಬಳ್ಳಿ. ಕೊಟ್ಟ ಅವರೆಕಾಯಿಯ ನೆಪದಲ್ಲೇ ಪಕ್ಕದ ಮನೆ ಚೀನೀ ಅಜ್ಜನ ಪರಿಚಯ ಆಯ್ತು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಬೇಲಿಯ ಆಚೆ ಈಚೆ ನಿಂತು ಅರ್ಧ ಗಂಟೆ ಮಾತಾಡುತ್ತಾರೆ, ಏನು ಮಾತು ಅಂತ ದೇವರಿಗೇ ಗೊತ್ತು.

ಕರಿಬೇವಿನ ಗಿಡ ಮಾತ್ರ ನರ್ಸರಿಯಿಂದಲೇ ತನ್ನಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಒಂದು ಸಣ್ಣ ಕೀಟ ಕರಿಬೇವಿನಲ್ಲೂ ಇರುತ್ತದೆ. ಅದಕ್ಕೇ ಕ್ವಾರಂಟೈನ್ ಹಾಕಿರುವ ಜಾಗಗಳಿಂದ ಗಿಡ ಹೊರಗೆ ಒಯ್ಯುವಂತಿಲ್ಲ. ನೆಂಟರ ಮನೆಯಿಂದ ಕಾರಿನಲ್ಲಿ ತರೋಣ ಅನ್ನೋದೆಲ್ಲ ಬೇಡ.

ಎರಡು ದೋಣಿ:

ಇವೆಲ್ಲ ಸರಿ, ನನಗೆ ಯಾವುದೂ ಹಿಡಿಸಲಿಲ್ಲ. ಈಗ ವರ್ಷಕ್ಕೆ ಐದು ತಿಂಗಳು ಮೈಸೂರಿನಲ್ಲೇ ಇರುತ್ತೇನೆ. ಗ್ರೀನ್ ಕಾರ್ಡ್ ಇದ್ದು ಆರು ತಿಂಗಳು ಮೀರಿ ಹೊರಗಿದ್ದರೆ ಏರ್‌ಪೋರ್ಟಿನಲ್ಲಿ ಪ್ರಶ್ನೆ ಬರಬಹುದು, ಒಂದು ವರ್ಷ ಅಥವಾ ಜಾಸ್ತಿ ಅಂದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅದಕ್ಕೇ ಐದು. ನವೆಂಬರಿನಲ್ಲಿ ಊರಲ್ಲಿದ್ದರೆ ಪೆನ್ಷನ್ನಿನ ಜೀವನ ಪ್ರಮಾಣ ಪತ್ರವೂ ಅಲ್ಲೇ ಕೊಟ್ಟು ಮುಗಿಸಬಹುದು. ಟಿಕೆಟ್ ದುಡ್ಡು ದಂಡ ಅಂತ ಮಗ ಗೊಣಗುತ್ತಾನೆ. ಗೊಣಗಲಿ.

ಮಂಡಕ್ಕಿ ಮಿರ್ಚಿ:

ಎಲ್ಲರಿಗೂ ಧನ್ಯವಾದ. ಮೂರು ವಾರ ಆಯ್ತು, ಹೇಳಬೇಕು ಅನ್ನಿಸಿತು.

ಅಜ್ಜಿ ಹೇಳಿದ ಹಾಗೆ ಮನೆಯವರನ್ನು ಕೇಳಿದೆ. "ಇಷ್ಟು ದಿನಕ್ಕೆ ಕೇಳಿದಿರಲ್ಲ" ಅಂತ ಅಂದರು, ಮುಂದೇನೂ ಹೇಳಲಿಲ್ಲ, ಮಾರನೇ ದಿನ ನನಗಿಂತ ಮೊದಲೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಿಲ್ಪಿಟಾಸ್ ಮಾವನವರು ಅಷ್ಟು ಹೇಳಿದರೂ ನಾನು ರಸ್ತೆಯ ತಪ್ಪು ಬದಿಯಲ್ಲೇ ನಿಂತಿದ್ದೆ, ಇವರೇ ಕೈ ಹಿಡಿದು ಆ ಕಡೆ ದಾಟಿಸಿದರು. ಕೆರೆ ಹತ್ತಿರ ಇವರಿಗೆ ಹುಬ್ಬಳ್ಳಿಯ ಒಬ್ಬ ಅಕ್ಕ ಸಿಕ್ಕಿದ್ದಾರೆ. ಈಗ ನಾನು ಒಂದು ಸುತ್ತು ಮುಗಿಸಿ ಬೆಂಚಿನಲ್ಲಿ ಕೂತು ಅವರಿಬ್ಬರ ಮಾತು ಮುಗಿಯಲಿ ಅಂತ ಕಾಯಬೇಕು.

ಒತ್ತಕ್ಷರ ಅವರೇ, ವಿಕಿಸೋರ್ಸಿನಲ್ಲಿ 11 ಪುಟ ಹಳದಿ ಮಾಡಿದೆ. ನಿನ್ನೆ ಯಾರೋ ಒಂದು ಪುಟದಲ್ಲಿ ನಾನು ಬಿಟ್ಟ ಎರಡು ಒತ್ತು ಹಾಕಿ ಹಸಿರು ಮಾಡಿದ್ದಾರೆ. ನೀವೇನಾ? ಎರಡರಲ್ಲಿ ಒಂದು ತಪ್ಪೇ ಅಲ್ಲ, ಮೂಲದಲ್ಲೇ ಹಾಗಿದೆ, ಚಿತ್ರ ದೊಡ್ಡದು ಮಾಡಿ ನೋಡಿ.